ಮರುಭೂಮಿಯ ಎಲ್ಡರ್‌ಬೆರಿಗೆ ಒಣಹಾಳೆಯ ಸಾಕ್ಷಿ

ಮೊಬೈಲಿನಲ್ಲಿ ಫೋಟೊ ತೆಗೆದರೆ ಸಾಕು, ಗಿಡದ ಹೆಸರು ಸಿಗುತ್ತದೆ. ಹೀಗಿರುವಾಗ ಒಣಗಿಸಿದ ಗಿಡಗಳನ್ನು ಕಾಗದಕ್ಕೆ ಅಂಟಿಸಿ ಕಾಪಿಡುವ ಹರ್ಬೇರಿಯಂಗಳಿಗೆ ಹಣ ಸುರಿಯಬೇಕೆ ಎಂದು ಕೇಳುವವರಿದ್ದಾರೆ. ದಕ್ಷಿಣ ಕ್ಯಾಲಿಫೋರ್ನಿಯಾದ ಆಂಜಾ-ಬೊರ್ರೆಗೊ ಮರುಭೂಮಿಯ ಕಮರಿಗಳಲ್ಲಿ ಬೆಳೆಯುವ ಕಾಡು ಎಲ್ಡರ್‌ಬೆರಿಯನ್ನು ನೋಡಿದರೆ ಸುರಿಯಲೇಬೇಕು ಅನಿಸುತ್ತದೆ. ನೀರಿನ ಆಸರೆ ಬೇಡುವ ಪೊದೆ ಇದು. ಹಳ್ಳದ ದಂಡೆ, ಒರತೆಯ ಬದಿ ಹಿಡಿದು ಬದುಕುತ್ತದೆ, ಬರ ಬಿಗಿಯಾದಾಗ ಎಲೆ ಉದುರಿಸಿಬಿಡುತ್ತದೆ.

ಇದರ ಹೆಸರಿನ ವಿಚಾರದಲ್ಲಿ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. ಕ್ಯಾಲಿಫೋರ್ನಿಯಾದ ಸಸ್ಯಗಳಿಗೆ ಪ್ರಮಾಣವೆನಿಸಿದ ಜೆಪ್ಸನ್ ಕೈಪಿಡಿ 1993ರಲ್ಲಿ ಇದನ್ನು ಸಾಂಬುಕಸ್ ಮೆಕ್ಸಿಕಾನ ಎಂದಿತು. 2012ರ ಆವೃತ್ತಿಯಲ್ಲಿ ಅದು ಯುರೋಪಿನ ಸಾಂಬುಕಸ್ ನೈಗ್ರದ ಉಪಪ್ರಭೇದವಾಯಿತು. ಇಂಥ ಗೊಂದಲ ಬಗೆಹರಿಯುವುದು ಗಿಡವೇ ಕೈಗೆ ಸಿಕ್ಕಾಗ. ಹಾಳೆಯ ಮೇಲಿನ ಕಡ್ಡಿಯನ್ನು ಅಡ್ಡಲಾಗಿ ಕೊಯ್ದು ಒಳತಿರುಳು ಬಿಳಿಯೋ ಕಂದೋ ನೋಡಬಹುದು, ಹೂಗೊಂಚಲು ಚಪ್ಪಟೆಯೋ ಗೋಪುರದಂತಿದೆಯೋ ಪರಿಶೀಲಿಸಬಹುದು, ಎಲೆಯ ಚೂರಿನಿಂದ ಡಿಎನ್‌ಎ ತೆಗೆಯಬಹುದು. ಚೀಟಿಯ ಮೇಲಿನ ಹೆಸರು ತಪ್ಪಿದ್ದರೂ ಚಿಂತೆಯಿಲ್ಲ, ಮುಂದಿನವರು ತಿದ್ದುಪಡಿ ಚೀಟಿ ಅಂಟಿಸುತ್ತಾರೆ. ಫೋಟೊದಲ್ಲಿ ಕಾಂಡದ ತಿರುಳು ಕಾಣುವುದಿಲ್ಲ.

ಆದರೆ ಹರ್ಬೇರಿಯಂ ದಾಖಲೆಯನ್ನು ಕುರುಡಾಗಿ ನಂಬುವುದೂ ಸಲ್ಲ. ಸಂಗ್ರಹಕಾರರು ರಸ್ತೆ ಇರುವಲ್ಲಿ, ಕಾಲುದಾರಿ ಇರುವಲ್ಲಿ, ಹೂಬಿಡುವ ಕಾಲದಲ್ಲೇ ಹೆಚ್ಚು ಓಡಾಡುತ್ತಾರೆ. ಹಾಗಾಗಿ ಒಂದು ಕಮರಿಯಿಂದ ಹಾಳೆ ಬಂದಿಲ್ಲವೆಂದ ಮಾತ್ರಕ್ಕೆ ಅಲ್ಲಿ ಎಲ್ಡರ್‌ಬೆರಿ ಇಲ್ಲ ಎನ್ನಲಾಗದು. ಎಲೆಯಿಲ್ಲದ ಪೊದೆಯನ್ನು ದಾಟಿ ಹೋದವರೂ ಇದ್ದಾರು. ಹಳೆಯ ಚೀಟಿಗಳಲ್ಲಿ ಜಾಗದ ವಿವರವೂ ಹಲವೊಮ್ಮೆ ಮೋಟು. ಈ ಕೊರತೆಗಳೆಲ್ಲ ನಿಜ. ಆದರೂ ಹಾಳೆ ಹೇಳುವ ‘ಇತ್ತು’ ಎಂಬ ಮಾತಿಗೆ ಇರುವ ಬೆಲೆಯನ್ನು ಇವು ಕುಗ್ಗಿಸುವುದಿಲ್ಲ. ಇಂಥ ದಿನ, ಇಂಥ ಕಮರಿಯಲ್ಲಿ ಈ ಗಿಡ ಇತ್ತು ಎಂಬುದನ್ನು ಯಾರು ಬೇಕಾದರೂ ಮತ್ತೆ ಪರೀಕ್ಷಿಸಬಹುದು.

ಸಂಗ್ರಹಿಸಿದವರು ಊಹಿಸದ ಪ್ರಶ್ನೆಗೂ ಹಾಳೆ ಉತ್ತರಿಸೀತು. ಸಸ್ಯವಿಜ್ಞಾನಿ ಇಯಾನ್ ವುಡ್‌ವರ್ಡ್ 1987ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಸಾಕ್ಷಿ. ಹರ್ಬೇರಿಯಂ ಹಾಳೆಗಳಲ್ಲಿದ್ದ ಎಂಟು ಬಗೆಯ ಮರಗಳ ಹಳೆಯ ಎಲೆಗಳನ್ನು ಅವರು ಸೂಕ್ಷ್ಮದರ್ಶಕದಡಿ ನೋಡಿದರು. ಇನ್ನೂರು ವರ್ಷಗಳಲ್ಲಿ ಪತ್ರರಂಧ್ರಗಳ ಸಾಂದ್ರತೆ ಸುಮಾರು ಶೇ 40ರಷ್ಟು ಇಳಿದಿತ್ತು, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದರ ಗುರುತಾಗಿ. ಆ ಎಲೆಗಳನ್ನು ಒತ್ತಿ ಒಣಗಿಸಿದವರಲ್ಲಿ ಹವಾಮಾನ ಬದಲಾವಣೆಯ ಯೋಚನೆಯೇ ಇರಲಿಲ್ಲ. ಫೋಟೊ ಧಾರಾಳವಾಗಿ ತೆಗೆಯಿರಿ, ಎಲ್ಲಿ ಹುಡುಕಬೇಕೆಂದು ತಿಳಿಯಲು ಅದು ನೆರವಾಗುತ್ತದೆ. ಆದರೆ ಒಣಹಾಳೆಗಳ ಬೀರುಗಳನ್ನು ಖಾಲಿ ಮಾಡುವ ಮಾತು ಯಾರಾದರೂ ಎತ್ತಿದರೆ ದಯವಿಟ್ಟು ಒಪ್ಪಬೇಡಿ.