ಅಂಗಡಿಯ ಗ್ಯಾಸ್ ಸಿಲಿಂಡರ್‌ನಲ್ಲಿ ಎಷ್ಟು ಶಕ್ತಿ ಇದೆ ಗೊತ್ತಾ?

ಮಂಗಳೂರು: ಕ್ಯಾಂಟೀನ್‌ನಲ್ಲಿ ಗೋಳಿಬಜೆ ಕರಿಯಲಿ, ಹೋಟೆಲ್‌ನಲ್ಲಿ ನೀರುದೋಸೆ ಹುಯ್ಯಲಿ, ಬಿಸಿ ಬರುವುದು ಗ್ಯಾಸ್‌ನಲ್ಲಿ ಅಡಗಿರುವ ರಾಸಾಯನಿಕ ಶಕ್ತಿಯಿಂದ.

ಅಡುಗೆ ಗ್ಯಾಸ್ ಅಂದರೆ ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯೂಟೇನ್. ಎರಡರಲ್ಲೂ ಇರುವುದು ಇಂಗಾಲ ಮತ್ತು ಜಲಜನಕ. ಉರಿಯುವಾಗ ಇವು ಗಾಳಿಯ ಆಮ್ಲಜನಕದ ಜತೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಆಗುತ್ತವೆ. ಆಗ ಹೊರಬೀಳುವ ಶಕ್ತಿಯೇ ಶಾಖ.

ಲೆಕ್ಕ ಹಾಕಿ ನೋಡಿ. ಒಂದು ಕೆ.ಜಿ. ಗ್ಯಾಸ್‌ನಲ್ಲಿ ಸುಮಾರು 13 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. ಮನೆಯ 14.2 ಕೆ.ಜಿ. ಸಿಲಿಂಡರ್‌ನಲ್ಲಿ ಸುಮಾರು 180 ಯೂನಿಟ್, ಹೋಟೆಲ್‌ನವರ 19 ಕೆ.ಜಿ. ಸಿಲಿಂಡರ್‌ನಲ್ಲಿ ಸುಮಾರು 240 ಯೂನಿಟ್.

ಈ ಶಕ್ತಿ ಬರ್ನರ್‌ನಲ್ಲಿ ಸ್ವಲ್ಪ ಸ್ವಲ್ಪವೇ ಬಂದರೆ ಅಡುಗೆ, ಒಮ್ಮೆಲೇ ಬಂದರೆ ಅನಾಹುತ. 2013ರ ಏಪ್ರಿಲ್‌ನಲ್ಲಿ ಬಂಟ್ವಾಳ ತಾಲೂಕಿನ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಪಲ್ಟಿಯಾಗಿ ಬೆಂಕಿ ಹತ್ತಿ ಜೀವಗಳು ಹೋದದ್ದನ್ನು ಜಿಲ್ಲೆಯ ಜನ ಮರೆತಿಲ್ಲ.

ಸಿಲಿಂಡರ್ ಒಳಗೆ ಗ್ಯಾಸ್ ಇರುವುದು ದ್ರವ ರೂಪದಲ್ಲಿ. ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ಗಾಳಿಯಲ್ಲಿ ನೂರಕ್ಕೆ 2 ಪಾಲು ಸೇರಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಇದು ಗಾಳಿಗಿಂತ ಭಾರ. ಲೀಕ್ ಆದರೆ ಮೇಲೆ ಹೋಗುವುದಿಲ್ಲ, ನೆಲದಲ್ಲೇ ಹರಡಿ ಚರಂಡಿ, ಮೂಲೆಗಳಲ್ಲಿ ನಿಲ್ಲುತ್ತದೆ. ಹಾಗಾಗಿ ಮೇಲಿನ ಕಿಟಕಿ ಒಂದೇ ಸಾಲದು, ನೆಲದ ಹತ್ತಿರವೂ ಗಾಳಿ ಹೋಗಲು ದಾರಿ ಬೇಕು. ಮಳೆಗಾಲದಲ್ಲಿ ಇರಚಲು ಹೊಡೆಯುತ್ತದೆ ಅಂತ ಶಟರ್ ಪೂರ್ತಿ ಎಳೆದು ಅಡುಗೆ ಮಾಡುವವರು ಇದನ್ನು ಗಮನಿಸಬೇಕು. ಪೈಪ್‌ನಲ್ಲಿ ಬರುವ ಗ್ಯಾಸ್ ಬೇರೆ. ಅದು ಮೀಥೇನ್, ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ.

ಗ್ಯಾಸ್‌ಗೆ ಸ್ವಂತ ವಾಸನೆ ಇಲ್ಲ. ಲೀಕ್ ಗೊತ್ತಾಗಲಿ ಅಂತಲೇ ಮರ್ಕಾಪ್ಟನ್ ಎಂಬ ವಾಸನೆಯ ವಸ್ತು ಸೇರಿಸುತ್ತಾರೆ. ವಾಸನೆ ಬಂದರೆ ಒಲೆ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆಯಿರಿ. ಲೈಟ್, ಫ್ಯಾನಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಇನ್ನೆರಡು ವಿಷಯ. ಜ್ವಾಲೆ ನೀಲಿ ಇದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿದೆ ಅಂತ ಅರ್ಥ. ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ದುಡ್ಡೂ ದಂಡ, ವಿಷಾನಿಲದ ಅಪಾಯವೂ ಉಂಟು. ಬರ್ನರ್ ಕ್ಲೀನ್ ಮಾಡಿಸಿ. ಸಿಲಿಂಡರ್ ತೆಗೆದುಕೊಳ್ಳುವಾಗ ಕುತ್ತಿಗೆ ಹತ್ತಿರದ ಪಟ್ಟಿಯಲ್ಲಿರುವ ಇಂಗ್ಲಿಷ್ ಅಕ್ಷರ, ಅಂಕಿ ನೋಡಿ. ಎ ಅಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಬಿ 27 ಅಂತ ಇದ್ದರೆ 2027ರ ಜೂನ್ ಒಳಗೆ ಅದರ ಮರುಪರೀಕ್ಷೆ ಆಗಬೇಕು. ಅವಧಿ ಮೀರಿದ್ದನ್ನು ಅಂಗಡಿ ಒಳಗೆ ಇಳಿಸಿಕೊಳ್ಳಬೇಡಿ, ವಾಪಸ್ ಕಳಿಸಿ.