ಬಂಡೆಯ ಮೇಲೆ ಉಳಿದ ಹೆಸರು

ನಾವು ಕೊರಳಿಗೆ ಮಣಿಸರ ಹಾಕ್ತೇವೆ. ಮಣಿಯ ಕಲ್ಲು ಅಗೆದವರು ಯಾರು?

ಈಜಿಪ್ಟ್ ದೇಶದಲ್ಲಿ ಅಸ್ವಾನ್ ಎಂಬ ಊರಿದೆ. ನೈಲ್ ನದಿ ದಡದ ಊರು. ಅಲ್ಲಿಂದ ಸುಮಾರು 35 ಕಿಲೋಮೀಟರ್ ದೂರ, ಮರುಭೂಮಿಯಲ್ಲಿ ವಾದಿ ಎಲ್-ಹೂದಿ ಇದೆ. ಸುಮಾರು 4000 ವರ್ಷಗಳ ಹಿಂದೆ ಅಲ್ಲಿ ಅಮೆಥಿಸ್ಟ್ ಎಂಬ ಕಲ್ಲು ಅಗೆದರು. ಅದಕ್ಕೆ ನೇರಳೆ ಹಣ್ಣಿನ ಬಣ್ಣ. ರಾಜಕುಮಾರಿಯರು ಅದರ ಮಣಿಗಳನ್ನು ಸೊಂಟಕ್ಕೆ, ಕಾಲಿಗೆ ತೊಟ್ಟರು.

ಅಗೆದವರ ಬದುಕು ಹೇಗಿತ್ತು? ಸುತ್ತಲೂ ಬಿಸಿಲು, ಬಂಡೆ. ಬೆಳೆಯಿಲ್ಲ. ಉಣ್ಣೋ ಕಾಳೂ ದೂರದಿಂದಲೇ ಬರಬೇಕು.

ಅವರಿದ್ದ ಕಲ್ಲುಗೋಡೆಗಳು, ಅಗೆದ ಗುಂಡಿಗಳು, ಒಡೆದ ಮಡಕೆ ಚೂರುಗಳು ಅಲ್ಲಿ ಸಿಕ್ಕಿವೆ. ಬಂಡೆಗಳ ಮೇಲೆ ಅಲ್ಲಿಗೆ ಬಂದವರ ಹೆಸರುಗಳೂ ಇವೆ. ಬರೆದ ಹೆಸರನ್ನು ಇವತ್ತಿಗೂ ಓದಬಹುದು. ಬರೆಯದೆ ಹೋದವರು ಯಾರೋ, ಏನೋ!

ನಾವೂ ಈಗ ನಮ್ಮ ಹೆಸರು ಬರೀತೇವೆ, ಅಲ್ವಾ?