ಗುಪ್ತಪದವೂ ಕೀಲಿಯೂ

ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟದ ಮನೆಗಳಲ್ಲಿಯೂ ಹೋಂಸ್ಟೇಗಳಲ್ಲಿಯೂ ವೈ-ಫೈ ಎಂಬ ನಿಸ್ತಂತು ಜಾಲವನ್ನು ಈಗ ಕಾಣಬಹುದು. ಬಂದ ಅತಿಥಿಗೆ ಒಂದು ಗುಪ್ತಪದವನ್ನು ಹೇಳುವರು; ಆತನು ಅದನ್ನು ಫೋನಿನಲ್ಲಿ ಬರೆದೊಡನೆ ಜಾಲವು ತೆರೆಯುವುದು. ಆದುದರಿಂದ ಆ ಪದವೇ ಕೀಲಿಯೆಂಬ ಭಾವನೆ ಹುಟ್ಟುವುದು ಸಹಜ. ವಸ್ತುತಃ ಕೀಲಿಯು ಒಂದು ದೊಡ್ಡ ಸಂಖ್ಯೆ. ಪದದಿಂದ ಆ ಸಂಖ್ಯೆಯನ್ನು ಯಾವುದಾದರೊಂದು ಸೂತ್ರದಿಂದ ಸಾಧಿಸಬೇಕು. ಸೂತ್ರವು ಬೇರೆಯಾದರೆ ಪದವು ಒಂದೇ ಆದರೂ ಸಂಖ್ಯೆಯು ಬೇರೆಯಾಗುವುದು.

ಕಟಪಯಾದಿಯನ್ನು ಬಲ್ಲವರಿಗೆ ಈ ವಿಷಯವು ಹೊಸದಲ್ಲ. ಅಂಕಗಳನ್ನು ಬಲದಿಂದ ಎಡಕ್ಕೆ ಇಡಬೇಕು, ಸಂಯುಕ್ತಾಕ್ಷರದಲ್ಲಿ ಕಡೆಯ ವ್ಯಂಜನವನ್ನು ಮಾತ್ರ ಎಣಿಸಬೇಕು ಎಂಬುದು ಅಲ್ಲಿಯ ಸಾಮಾನ್ಯ ನಿಯಮ. ಮಾಯಾಮಾಳವಗೌಳದಲ್ಲಿ ಮಕಾರಕ್ಕೆ 5, ಯಕಾರಕ್ಕೆ 1; ತಿರುಗಿಸಿದರೆ 15ನೆಯ ಮೇಳ. ಚಕ್ರವಾಕದಲ್ಲಿ ಮಾತ್ರ ಈ ನಿಯಮವು ನಿಲ್ಲದು. ಚಕಾರಕ್ಕೆ 6, ‘ಕ್ರ’ ಎಂಬಲ್ಲಿ ಕಡೆಯ ರೇಫವನ್ನು ಹಿಡಿದರೆ 2, ಆಗ ಬರುವುದು 26, ಅದು ಚಾರುಕೇಶಿಯ ಸ್ಥಾನ. ಮೊದಲ ಕಕಾರವನ್ನು ಹಿಡಿದರೆ 1, ಆಗ ಬರುವ 16ಷ್ಟೇ ಚಕ್ರವಾಕದ ಸ್ಥಾನ. ಹೆಸರೊಂದೇ, ಎಣಿಸುವ ಬಗೆ ಎರಡಾದುದರಿಂದ ದೊರೆತ ರಾಗವೂ ಎರಡಾಯಿತು.

1997ರ 802.11 ಪ್ರಮಾಣದೊಡನೆ ಬಂದ ‘ವೆಪ್’ ಎಂಬ ಗೂಢೀಕರಣದಲ್ಲಿ ಇದೇ ತೊಡಕು ಇದ್ದಿತು. ಅದರ ಕೀಲಿಯು 40 ಬಿಟ್ಟುಗಳದು. ಬಳಿಕ 104 ಬಿಟ್ಟುಗಳದೂ ಬಳಕೆಗೆ ಬಂದಿತು. ಷೋಡಶಮಾನದಲ್ಲಿ ಬರೆದರೆ ಇವು ಕ್ರಮವಾಗಿ 10 ಮತ್ತು 26 ಅಂಕಗಳು. ಆದರೆ ಪದದಿಂದ ಈ ಅಂಕಗಳನ್ನು ಪಡೆಯುವ ಬಗೆಯನ್ನು ಪ್ರಮಾಣವು ವಿಧಿಸಲೇ ಇಲ್ಲ. ಕೆಲವು ತಯಾರಕರು ಪದವನ್ನು 64 ಅಕ್ಷರ ತುಂಬುವವರೆಗೆ ಆವರ್ತಿಸಿ, ‘ಎಂಡಿ5’ ಎಂಬ ಗಣಿತಕ್ರಮಕ್ಕೆ ಒಳಪಡಿಸಿ, ಫಲದ ಮೊದಲ 13 ಬೈಟುಗಳನ್ನು ಕೀಲಿಯೆಂದರು. ಮತ್ತೆ ಕೆಲವು ಸಾಧನಗಳಲ್ಲಿ 13 ಅಕ್ಷರಗಳನ್ನು ಬರೆದರೆ ಅವೇ ಕೀಲಿ. ಒಂದು ಕಂಪೆನಿಯ ರೂಟರಿಗೆ ಕೊಟ್ಟ ಪದವನ್ನು ಮತ್ತೊಂದರ ಕಂಪ್ಯೂಟರಿನಲ್ಲಿ ಎಷ್ಟು ಎಚ್ಚರದಿಂದ ಬರೆದರೂ ಫಲವಿಲ್ಲದಿದ್ದುದು ಇದರಿಂದಲೇ. ಪದವನ್ನು ಬಿಟ್ಟು ಆ 26 ಅಂಕಗಳನ್ನೇ ಎರಡು ಕಡೆಯೂ ಬರೆಯುವುದು ನಿಶ್ಚಿತವಾದ ಉಪಾಯ; ಬೇಸರದ ಕೆಲಸವೆಂಬುದೂ ನಿಜ. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ವಿದ್ವಾಂಸರು ದೋಷವನ್ನು ತೋರಿದ ಮೇಲೆ ವೆಪ್ಪಿನ ಮೇಲಣ ವಿಶ್ವಾಸವೇ ಹೋಯಿತು.

2003ರ ಡಬ್ಲ್ಯುಪಿಎ ಕ್ರಮದಲ್ಲಿಯೂ 2004ರ ಡಬ್ಲ್ಯುಪಿಎ2ರಲ್ಲಿಯೂ ಸೂತ್ರವನ್ನೇ ಪ್ರಮಾಣದೊಳಗೆ ಸೇರಿಸಿದರು. ಗುಪ್ತಪದವು ಇಂಗ್ಲಿಷ್ ಕೀಲಿಮಣೆಯ ಸಾಮಾನ್ಯ ಅಕ್ಷರ, ಅಂಕ, ಚಿಹ್ನೆಗಳಲ್ಲಿ 8ರಿಂದ 63ರವರೆಗೆ ಇರಬೇಕು. ಅದರೊಡನೆ ಜಾಲದ ಹೆಸರನ್ನು ಬೆರಸಿ, 4096 ಆವೃತ್ತಿಗಳ ಗಣಿತವನ್ನು ನಡೆಸಿ, 256 ಬಿಟ್ಟುಗಳ ಕೀಲಿಯನ್ನು ಪಡೆಯುವರು. ಯಾರು ಮಾಡಿದರೂ ಫಲವೊಂದೇ. ಹೆಸರನ್ನು ಬೆರಸುವುದರಿಂದ, ಕಳಸದ ತೋಟಕ್ಕೂ ಮೂಡಿಗೆರೆಯ ತೋಟಕ್ಕೂ ಒಂದೇ ಗುಪ್ತಪದವನ್ನಿಟ್ಟರೂ ಜಾಲದ ಹೆಸರುಗಳು ಬೇರೆಯಾದರೆ ಕೀಲಿಗಳೂ ಬೇರೆ. 2018ರ ಡಬ್ಲ್ಯುಪಿಎ3ರ ವಿಧಾನವು ಬೇರೆ.

ಜಾಲದ ಹೆಸರನ್ನು ಕನ್ನಡದಲ್ಲಿಡಲು ಬಯಸುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಹೆಸರಿನ ಮಿತಿ 32 ಬೈಟುಗಳು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ವ್ಯಂಜನ, ಸ್ವರಚಿಹ್ನೆ, ಹಲಂತಚಿಹ್ನೆ ಒಂದೊಂದಕ್ಕೂ 3 ಬೈಟು. ಕಳಸಕ್ಕೆ 9, ಮೂಡಿಗೆರೆಗೆ 24. ಚಿಕ್ಕಮಗಳೂರಿನಲ್ಲಿ 11 ಸಂಕೇತಗಳಿರುವುದರಿಂದ 33 ಆಗಿ, ಒಂದೇ ಬೈಟಿನಿಂದ ಹೊರಗುಳಿಯುವುದು! ಕೊಪ್ಪದ ವಿಚಾರ ಇನ್ನೂ ಸ್ವಾರಸ್ಯವಾದುದು. ಅದರ ಒಕಾರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಮೊದಲನೆಯದರಲ್ಲಿ ಹೆಸರು 15 ಬೈಟು, ಎರಡನೆಯದರಲ್ಲಿ 18. ಕಣ್ಣಿಗೆ ಭೇದವಿಲ್ಲ. ಹೆಸರನ್ನು ಪಟ್ಟಿಯಿಂದ ಆರಿಸಿದಾಗ ಸಾಧನವು ರೂಟರು ಸಾರಿದ ಬೈಟುಗಳನ್ನೇ ಬಳಸುವುದರಿಂದ ತೊಂದರೆಯಿಲ್ಲ. ಹೆಸರನ್ನು ಮರೆಸಿಟ್ಟ ಜಾಲಕ್ಕೆ ಅದನ್ನು ಕೈಯಾರೆ ಬರೆಯುವಾಗ ಎರಡು ಕಡೆಯ ಬರೆಹವೂ ಒಂದೇ ಬಗೆಯದಲ್ಲದಿದ್ದರೆ, ಗುಪ್ತಪದದ ಪರೀಕ್ಷೆಯವರೆಗೂ ಹೋಗದೆ, ಆ ಹೆಸರಿನ ಜಾಲವೇ ಸಿಕ್ಕುವುದಿಲ್ಲ.